ಪಂಕ್ತಿಭೇದದ ಗಾಯ, ಪಂಕ್ತಿಯಲ್ಲೇ ಮದ್ದು

ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯದಲ್ಲಿ ಈಸ್ಟ್ ಲಂಡನ್ ಎಂಬ ಬಂದರು ಊರಿದೆ. 1996ರ ಏಪ್ರಿಲ್‌ನಲ್ಲಿ ಅಲ್ಲಿನ ಪುರಭವನದಲ್ಲಿ ವರ್ಣಭೇದ ಆಡಳಿತದ ಕಾಲದ ಅಪರಾಧಗಳನ್ನು ವಿಚಾರಿಸಲು ರಚನೆಯಾದ ‘ಸತ್ಯ ಮತ್ತು ಸಂಧಾನ ಆಯೋಗ’ದ ಮೊದಲ ಬಹಿರಂಗ ವಿಚಾರಣೆ ನಡೆಯಿತು. ಸಾಕ್ಷಿ ಹೇಳಲು ಬಂದವರಲ್ಲಿ ನೊಮೊಂಡೆ ಕಲಾಟಾ ಎಂಬ ಹೆಣ್ಣುಮಗಳೂ ಇದ್ದಳು. ಅವಳ ಗಂಡ ಫೋರ್ಟ್ ಕಲಾಟಾ, ಕ್ರಾಡಕ್ ಊರಿನ ಶಾಲಾ ಮೇಷ್ಟ್ರು. 1985ರ ಜೂನ್ 27ರ ರಾತ್ರಿ ಮೂವರು ಗೆಳೆಯರ ಜೊತೆ ಕಾರಿನಲ್ಲಿ ಊರಿಗೆ ಮರಳುತ್ತಿದ್ದಾಗ ಪೊಲೀಸರು ಅಡ್ಡಗಟ್ಟಿ ನಾಲ್ವರನ್ನೂ ಕೊಂದು ಸುಟ್ಟಿದ್ದರು. ಆಗ ನೊಮೊಂಡೆ ತುಂಬು ಗರ್ಭಿಣಿ. ಮನೆಮನೆಗೆ ದಿನಪತ್ರಿಕೆ ಹಂಚುವುದು ಅವಳ ಕೆಲಸ. ಗಂಡನ ಕಾರು ಸುಟ್ಟುಹೋದ ಸುದ್ದಿ ಅವಳಿಗೆ ತಲುಪಿದ್ದು ತಾನು ಹಂಚಬೇಕಾಗಿದ್ದ ಅದೇ ಪತ್ರಿಕೆಯ ಮುಖಪುಟದಿಂದ.

ಇಷ್ಟನ್ನು ಹೇಳುತ್ತ ಹೇಳುತ್ತ ನೊಮೊಂಡೆ ಒಮ್ಮೆಲೇ ಹಿಂದಕ್ಕೆ ವಾಲಿ ಚೀರಿದಳು. ಅವತ್ತು ಸಭಾಂಗಣದಲ್ಲಿದ್ದವರು, ರೇಡಿಯೊದಲ್ಲಿ ಕೇಳಿದವರು ಆ ಕೂಗನ್ನು ಇವತ್ತಿಗೂ ಮರೆತಿಲ್ಲ. ಆಯೋಗ ನಿಜವಾಗಿ ಆರಂಭವಾದದ್ದು ಆ ಕೂಗಿನಿಂದಲೇ ಎಂದು ಬರೆದವರಿದ್ದಾರೆ. ಅಧ್ಯಕ್ಷ ಪೀಠದಲ್ಲಿದ್ದವರು ಆಂಗ್ಲಿಕನ್ ಸಭೆಯ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು, ನೇರಳೆ ಬಣ್ಣದ ನಿಲುವಂಗಿಯಲ್ಲಿ. ಅವರು ವಿಚಾರಣೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿದರು. ಮತ್ತೆ ಎಲ್ಲರೂ ಕೂತಾಗ ಭಾಷಣ ಮಾಡಲಿಲ್ಲ, ಹಾಡು ಎತ್ತಿಕೊಟ್ಟರು. ‘ಸೆಂಝೆನಿ ನಾ’ ಎಂಬ ಆ ಹಾಡನ್ನು ಕರಿಯರು ಸಾವಿನ ಮನೆಗಳಲ್ಲಿ, ಗುಂಡಿಗೆ ಬಲಿಯಾದ ಹುಡುಗರ ಮೆರವಣಿಗೆಗಳಲ್ಲಿ ಹಾಡುತ್ತ ಬಂದಿದ್ದರು. ನಾವು ಮಾಡಿದ ತಪ್ಪಾದರೂ ಏನು ಎಂಬುದೇ ಅದರ ತಿರುಳು. ಇಡೀ ಸಭಾಂಗಣ ಎದ್ದು ದನಿಗೂಡಿಸಿತು.

ನಮ್ಮ ಹಳ್ಳಿಗಳಲ್ಲಿ ಸತ್ತವರ ಮುಂದೆ ಕೂತು ಹೆಂಗಸರು ಹಾಡಿಕೊಂಡು ಅಳುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಅಳುವಿಗೂ ಒಂದು ರಾಗ ಬೇಕು, ದನಿಗೂಡಿಸಲು ಹತ್ತು ಜನ ಬೇಕು. ಬೈಬಲಿನ 150 ಕೀರ್ತನೆಗಳಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಇಂಥ ಅಳಲುಗಳೇ. ದೇವರನ್ನು ಹೊಗಳುವ ಬದಲು ದೇವರ ಜೊತೆ ಜಗಳಕ್ಕೆ ನಿಂತ ಹಾಡುಗಳು ಅವು. ಆರಾಧನೆ ಎಂದರೆ ಸಂತೋಷದ ಸ್ತೋತ್ರ ಎಂದಷ್ಟೇ ತಿಳಿದ ಸಭೆಗಳು ಆ ಪುಟಗಳನ್ನು ಮಗುಚಿ ಮುಂದೆ ಹೋಗುತ್ತವೆ. ಟುಟು ಆ ಪುಟಗಳನ್ನು ಒಂದು ಸರ್ಕಾರಿ ಆಯೋಗದ ನಡುವೆ ತೆರೆದಿಟ್ಟರು.

ಇದಕ್ಕೆ ಆಕ್ಷೇಪಗಳೂ ಬಂದವು. 1995ರ ಕಾಯ್ದೆಯಡಿ ರಚನೆಯಾದ ಶಾಸನಬದ್ಧ ಆಯೋಗದಲ್ಲಿ ಮೇಣದಬತ್ತಿ ಏಕೆ, ಪ್ರಾರ್ಥನೆ ಏಕೆ ಎಂದು ಹಲವರು ಕೇಳಿದರು. ಆ ದೇಶದಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ದೇವರನ್ನು ನಂಬದವರೂ ಇದ್ದಾರೆ; ಪ್ರಶ್ನೆ ನ್ಯಾಯವಾದದ್ದೇ. ಜೋಹಾನ್ಸ್‌ಬರ್ಗ್‌ನ ವಿಚಾರಣೆಗೆ ಮೊದಲು ಅಲ್ಲಿನ ಕಚೇರಿಯವರು ಈ ಬಾರಿ ಪ್ರಾರ್ಥನೆ ಬೇಡ, ಒಂದು ನಿಮಿಷದ ಮೌನ ಸಾಕು ಎಂದು ಸೂಚಿಸಿದ್ದರು. ಟುಟು ಒಪ್ಪಿದರು. ಮೌನ ಮುಗಿಯಿತು, ಮೊದಲ ಸಾಕ್ಷಿಯನ್ನು ಕರೆಯಬೇಕು. ಅವರಿಗೆ ಆಗಲಿಲ್ಲ. ಹೀಗೆ ಶುರುಮಾಡಲು ನನ್ನಿಂದಾಗದು ಎಂದು ಹೇಳಿ ತಲೆಬಾಗಿಸಿ ಪ್ರಾರ್ಥಿಸಿದ ಮೇಲೆಯೇ ಕಲಾಪ ನಡೆಸಿದರು. ಇದನ್ನು ಅವರೇ ಬರೆದುಕೊಂಡಿದ್ದಾರೆ. ನನಗೆ ಇದು ಹಟ ಅನ್ನಿಸುವುದಿಲ್ಲ. ಕೊಲೆ, ಚಿತ್ರಹಿಂಸೆಗಳ ಕತೆಗಳನ್ನು ದಿನವಿಡೀ ಕೇಳಬೇಕಾದ ಮನುಷ್ಯ ತನಗೆ ಗೊತ್ತಿದ್ದ ಏಕೈಕ ಆಸರೆಯನ್ನು ಹಿಡಿದುಕೊಂಡರು.

ಆದರೆ ಈ ಕತೆಯನ್ನು ಟುಟು ಅವರಿಂದ ಶುರುಮಾಡಿದರೆ ಅರ್ಧ ಸತ್ಯವಾಗುತ್ತದೆ. ಗಾಯಕ್ಕೆ ಮದ್ದು ಹಚ್ಚಲು ಬಂದ ಧರ್ಮವೇ ಮೊದಲು ಆ ಗಾಯವನ್ನು ಮಾಡಿತ್ತು.

ಕ್ರೈಸ್ತ ಆರಾಧನೆಯ ನಡುಮನೆ ಪ್ರಭುಭೋಜನ. ಕ್ಯಾಥೋಲಿಕರು ಪರಮಪ್ರಸಾದ ಎನ್ನುತ್ತಾರೆ. ಒಂದೇ ರೊಟ್ಟಿಯನ್ನು ಮುರಿದು ಎಲ್ಲರೂ ತಿನ್ನುವುದು, ಒಂದೇ ಪಾತ್ರೆಯಿಂದ ಕುಡಿಯುವುದು. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಸಭೆ ಅಲ್ಲಿಗೆ ವಲಸೆ ಹೋದ ಬಿಳಿಯರ ಮುಖ್ಯ ಸಭೆ. 1829ರಲ್ಲಿ ಆ ಸಭೆಯ ಮಹಾಸಭೆ, ಮೈಬಣ್ಣ ನೋಡದೆ ಎಲ್ಲರಿಗೂ ಒಟ್ಟಿಗೇ ಪ್ರಭುಭೋಜನ ಕೊಡಬೇಕೆಂದು ತೀರ್ಮಾನಿಸಿತ್ತು. ಆದರೆ ಹಳ್ಳಿಗಾಡಿನ ಬಿಳಿ ರೈತರಿಗೆ ತಮ್ಮ ಆಳುಗಳ ಜೊತೆ ಒಂದೇ ಪಾತ್ರೆಗೆ ತುಟಿ ಹಚ್ಚುವುದು ಒಗ್ಗಲಿಲ್ಲ. 1857ರಲ್ಲಿ ಅದೇ ಮಹಾಸಭೆ ದಾರಿ ಬದಲಿಸಿತು. ಒಟ್ಟಿಗೆ ಆರಾಧಿಸುವುದೇ ಧರ್ಮಗ್ರಂಥಕ್ಕೆ ಒಪ್ಪುವಂಥದು. ಆದರೂ ಕೆಲವರ ಬಲಹೀನತೆಯ ಕಾರಣ ಅದು ಸಾಧ್ಯವಾಗದ ಕಡೆ ಬೇರೆ ಕಟ್ಟಡದಲ್ಲಿ ಆರಾಧನೆ ನಡೆಸಬಹುದು ಎಂದಿತು.

ಇದಕ್ಕೆ ಕನ್ನಡದಲ್ಲಿ ವಿವರಣೆ ಬೇಕಿಲ್ಲ. ನಮ್ಮಲ್ಲಿ ಇದಕ್ಕೆಂದೇ ಒಂದು ಮಾತಿದೆ: ಪಂಕ್ತಿಭೇದ. ಒಂದೇ ದೇವರ ಊಟಕ್ಕೆ ಎರಡು ಸಾಲು ಹಾಕುವುದು. ಹಾಗೆ ಸಾಲು ಹಾಕಿದವರು ಯಾವತ್ತೂ ತಾವು ತಪ್ಪು ಮಾಡುತ್ತಿದ್ದೇವೆ ಎಂದುಕೊಳ್ಳುವುದಿಲ್ಲ. ಜನಕ್ಕೆ ಅಭ್ಯಾಸವಾಗಲಿ, ಆಮೇಲೆ ನೋಡೋಣ ಎನ್ನುತ್ತಾರೆ. 1857ರ ರಿಯಾಯಿತಿ ಕೆಲವೇ ದಶಕಗಳಲ್ಲಿ ರೂಢಿಯಾಯಿತು. 1881ರಲ್ಲಿ ‘ಕಲರ್ಡ್’ ಎಂದು ಕರೆಯಲಾಗುವ ಮಿಶ್ರ ಮೂಲದವರಿಗೆ ಬೇರೆಯದೇ ಮಿಷನ್ ಸಭೆ ಕಟ್ಟಿದರು, ಮುಂದೆ ಕರಿಯರಿಗೆ ಇನ್ನೊಂದು, ಭಾರತೀಯರಿಗೆ ಮತ್ತೊಂದು. ರೂಢಿಗೆ ಆಮೇಲೆ ಶಾಸ್ತ್ರ ಹುಡುಕಿದರು. ಬಾಬೆಲ್ ಗೋಪುರದ ಕತೆಯಲ್ಲಿ ದೇವರೇ ಜನಾಂಗಗಳನ್ನು ಬೇರೆ ಬೇರೆ ಮಾಡಿದ್ದಾನಲ್ಲವೇ ಎಂದರು. 1948ರಲ್ಲಿ ಅಪಾರ್ತೈಡ್ ಎಂಬ ವರ್ಣಭೇದ ನೀತಿಯ ಹೆಸರಲ್ಲಿ ಚುನಾವಣೆ ಗೆದ್ದು ಪ್ರಧಾನಿಯಾದ ಡಿ. ಎಫ್. ಮಲಾನ್, ರಾಜಕೀಯಕ್ಕೆ ಬರುವ ಮೊದಲು ಅದೇ ಸಭೆಯ ಬೋಧಕರಾಗಿದ್ದವರು. ದೇವರ ಊಟದ ಸಾಲಿನಲ್ಲಿ ಗೆರೆ ಎಳೆದವರಿಗೆ ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಸಮುದ್ರ ತೀರದಲ್ಲಿ ಗೆರೆ ಎಳೆಯುವುದು ಕಷ್ಟವಾಗಲಿಲ್ಲ.

ಪಂಕ್ತಿಭೇದ ಕ್ರೈಸ್ತ ಸಭೆಯಷ್ಟೇ ಹಳೆಯದು. ಕೊರಿಂಥ ಪಟ್ಟಣದ ಆದಿ ಕ್ರೈಸ್ತ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ಹೊಟ್ಟೆತುಂಬ ಉಂಡು ಕುಡಿಯುತ್ತಿದ್ದರೆ, ದುಡಿಮೆ ಮುಗಿಸಿ ತಡವಾಗಿ ಬಂದ ಬಡವರು ಹಸಿದು ಕೂರುತ್ತಿದ್ದರಂತೆ. ಸಂತ ಪೌಲ ಅವರಿಗೆ ಪತ್ರ ಬರೆದು, ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂಬರ್ಥದಲ್ಲಿ ಕಟುವಾಗಿ ಗದರಿಸಿದ. ಪರ್ವತ ಪ್ರಸಂಗದಲ್ಲಿ ಯೇಸು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಾಗ ಸಹೋದರನ ಮನಸ್ಸು ನಿನ್ನಿಂದ ನೊಂದಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎನ್ನುತ್ತಾನೆ. ಪೂಜೆ ಕಾಯಲಿ, ಮನುಷ್ಯ ಕಾಯಬಾರದು. ಕ್ರೈಸ್ತ ದೇವಶಾಸ್ತ್ರದಲ್ಲಿ ಸಂಧಾನದ ಬಗ್ಗೆ ಸಾವಿರಾರು ಪುಟಗಳಿವೆ. ಅವೆಲ್ಲದರ ಬೇರು ಈ ಒಂದು ಸಣ್ಣ ಅಪ್ಪಣೆಯಲ್ಲಿದೆ ಎಂಬುದು ನನ್ನ ನಂಬಿಕೆ.

ಆ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದವರು 1982ರಲ್ಲಿ ಸಿಕ್ಕರು. ಕೆನಡಾದ ಒಟ್ಟಾವಾದಲ್ಲಿ ಜಗತ್ತಿನ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಸೇರಿತ್ತು. ಆರಂಭದ ಆರಾಧನೆಯಲ್ಲಿ ಪ್ರಭುಭೋಜನ ಬಂದಾಗ ದಕ್ಷಿಣ ಆಫ್ರಿಕಾದ ಕೆಲವು ಕರಿಯ, ಕಲರ್ಡ್ ಪ್ರತಿನಿಧಿಗಳು ಅದನ್ನು ಸ್ವೀಕರಿಸಲಿಲ್ಲ. ನಮ್ಮೂರಲ್ಲಿ ನಮ್ಮನ್ನು ಪಂಕ್ತಿಯಲ್ಲಿ ಕೂರಿಸದವರ ಜೊತೆ ಇಲ್ಲಿ ಅತಿಥಿಗಳೆದುರು ಒಟ್ಟಿಗೆ ಕೂರುವುದು ಸುಳ್ಳಾಗುತ್ತದೆ ಎಂಬುದು ಅವರ ನಿಲುವು. ಆ ಸಮ್ಮೇಳನ ಅಪಾರ್ತೈಡನ್ನು ದೇವಶಾಸ್ತ್ರೀಯವಾಗಿ ಸಮರ್ಥಿಸುವುದು ಪಾಷಂಡ ಮತ ಎಂದು ಸಾರಿ, ಅದನ್ನು ಸಮರ್ಥಿಸುತ್ತಿದ್ದ ಬಿಳಿಯರ ಸಭೆಗಳ ಸದಸ್ಯತ್ವವನ್ನು ಅಮಾನತು ಮಾಡಿತು. ಅದೇ ವರ್ಷ ಕೇಪ್‌ಟೌನ್ ಹೊರವಲಯದ ಬೆಲ್ಹಾರ್ ಎಂಬ ಬಡಾವಣೆಯಲ್ಲಿ ಸೇರಿದ ಮಿಷನ್ ಸಭೆಯ ಮಹಾಸಭೆ ಒಂದು ಹೊಸ ವಿಶ್ವಾಸ ಪ್ರಮಾಣವನ್ನು ಬರೆಯಿತು. 1986ರಲ್ಲಿ ಅಂಗೀಕಾರವಾದ ಅದನ್ನು ಬೆಲ್ಹಾರ್ ಪ್ರಮಾಣ ಎನ್ನುತ್ತಾರೆ. ಸಭೆಯ ಐಕ್ಯ, ಸಂಧಾನ, ನ್ಯಾಯ ಈ ಮೂರೂ ಬಿಡಿಸಲಾಗದಂತೆ ಹೆಣೆದುಕೊಂಡಿವೆ ಎನ್ನುತ್ತದೆ ಅದು. ದೇವರು ದಿಕ್ಕಿಲ್ಲದವರ, ಅನ್ಯಾಯಕ್ಕೊಳಗಾದವರ ಪಕ್ಕದಲ್ಲಿ ನಿಲ್ಲುವವನಾದ್ದರಿಂದ ಸಭೆಯೂ ಅಲ್ಲೇ ನಿಲ್ಲಬೇಕು ಎನ್ನುತ್ತದೆ. ಜಗತ್ತಿಗೆ ಇದನ್ನು ಹೇಳಿದವರು ಪಂಕ್ತಿಯಿಂದ ಹೊರಗಿಡಲಾಗಿದ್ದವರೇ ಎಂಬುದನ್ನು ಮರೆಯಬಾರದು.

ಕನ್ನಡ ಬೈಬಲಿನಲ್ಲಿ ಶಾಂತಿಗೂ ‘ಸಮಾಧಾನ’ವೆಂದೇ ಇದೆ, ದೇವರಿಗೂ ಮನುಷ್ಯನಿಗೂ ಆಗುವ ಸಂಧಾನಕ್ಕೂ ಅದೇ ಮಾತು ಬಳಕೆಯಾಗಿದೆ. ಮನೆಮಾತಿನಲ್ಲಿ ಸಮಾಧಾನ ಮಾಡುವುದು ಎಂದರೆ ಅಳುವವರ ಕಣ್ಣೊರೆಸುವುದು. ಊರ ಪಂಚಾಯ್ತಿ ಕಟ್ಟೆಯಲ್ಲಿ ಅದೇ ಮಾತು ಬೇರೊಂದು ಅರ್ಥ ಪಡೆಯುತ್ತದೆ. ಹಿರಿಯರು ಇಬ್ಬರನ್ನೂ ಕೂರಿಸಿ, ‘ಆದದ್ದು ಆಗ್ಹೋಯ್ತು, ಇಬ್ರೂ ಸಮಾಧಾನ ಮಾಡ್ಕೊಳ್ಳಿ’ ಎನ್ನುತ್ತಾರೆ. ಹಾಗೆ ಹೇಳಿದಾಗ ಸುಮ್ಮನಾಗಬೇಕಾದವನು ಯಾವಾಗಲೂ ಪೆಟ್ಟು ತಿಂದವನೇ. ಅದು ರಾಜಿ. 1985ರಲ್ಲಿ ದಕ್ಷಿಣ ಆಫ್ರಿಕಾದ ದೇವಶಾಸ್ತ್ರಜ್ಞರು ಹೊರಡಿಸಿದ ಕೈರೋಸ್ ಪತ್ರ ಹೊಡೆತ ಕೊಟ್ಟದ್ದು ಈ ರಾಜಿ ಧರ್ಮಕ್ಕೇ. ಅನ್ಯಾಯ ನಿಲ್ಲದೆ, ಅಪರಾಧಿ ಪಶ್ಚಾತ್ತಾಪ ಪಡದೆ ನೊಂದವರಿಗೆ ಕ್ಷಮಿಸಿ ಎಂದು ಬೋಧಿಸುವುದು ಕ್ರಿಸ್ತನಿಗೆ ಮಾಡುವ ದ್ರೋಹ ಎಂಬ ಅರ್ಥದಲ್ಲಿ ಅದು ಸಭೆಗಳನ್ನು ತರಾಟೆಗೆ ತೆಗೆದುಕೊಂಡಿತು.

1990ರ ನವೆಂಬರ್‌ನಲ್ಲಿ ರುಸ್ಟೆನ್‌ಬರ್ಗ್ ಎಂಬ ಊರಿನಲ್ಲಿ ಸುಮಾರು 230 ಸಭಾ ಪ್ರತಿನಿಧಿಗಳು ಸೇರಿದರು. ನೆಲ್ಸನ್ ಮಂಡೇಲಾ ಜೈಲಿನಿಂದ ಬಿಡುಗಡೆಯಾಗಿ ಒಂಬತ್ತು ತಿಂಗಳಾಗಿತ್ತು. ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ದೇವಶಾಸ್ತ್ರ ಪ್ರಾಧ್ಯಾಪಕ ವಿಲ್ಲಿ ಯೊಂಕರ್ ಪ್ರಬಂಧ ಮಂಡಿಸಲು ನಿಂತವರು ನಡುವೆ ನಿಲ್ಲಿಸಿ, ಅಪಾರ್ತೈಡಿನ ಪಾಪದಲ್ಲಿ ತಮ್ಮ ಪಾಲನ್ನು, ತಮ್ಮ ಡಚ್ ರಿಫಾರ್ಮ್ಡ್ ಸಭೆಯ, ತಮ್ಮ ಜನರ ಪಾಲನ್ನು ಒಪ್ಪಿಕೊಂಡರು. ಟುಟು ಎದ್ದು ಹೋಗಿ, ಪಾಪ ಒಪ್ಪಿಕೊಂಡವರನ್ನು ಕ್ಷಮಿಸದೆ ಇರಲು ನನ್ನ ನಂಬಿಕೆ ಬಿಡುವುದಿಲ್ಲ ಎಂದರು. ಎಲ್ಲರಿಗೂ ಇದು ಹಿಡಿಸಲಿಲ್ಲ. ನಮ್ಮೆಲ್ಲರ ಪರವಾಗಿ ಕ್ಷಮಿಸಲು ಟುಟು ಯಾರು ಎಂದು ಕರಿಯ ಬೋಧಕರು ಕೆಲವರು ಕೇಳಿದರು. ಆ ಪ್ರಶ್ನೆ ಸರಿಯಾದದ್ದು ಎಂದೇ ನಾನು ತಿಳಿಯುತ್ತೇನೆ. ಕ್ಷಮೆ ಪ್ರತಿನಿಧಿಗಳು ಸಹಿ ಹಾಕುವ ಒಪ್ಪಂದವಲ್ಲ. ಅದು ಮಗನನ್ನು ಕಳೆದುಕೊಂಡ ತಾಯಿಯ ಸ್ವತ್ತು.

ಅಂಥ ತಾಯಂದಿರ ಬಳಿಗೆ ಬರೋಣ. 1986ರ ಮಾರ್ಚ್ 3ರಂದು ಕೇಪ್‌ಟೌನಿನ ಗುಗುಲೆಟು ಬಡಾವಣೆಯಲ್ಲಿ ಪೊಲೀಸರು ಹೊಂಚುಹಾಕಿ ಏಳು ಯುವಕರನ್ನು ಕೊಂದರು. ಅವರಲ್ಲೊಬ್ಬ ಕ್ರಿಸ್ಟೋಫರ್ ಪೀಟ್. ಅವನ ತಾಯಿ ಸಿಂಥಿಯಾ ಎನ್ಗೆವು ಮಗನ ಹೆಣವನ್ನು ಮೊದಲು ಕಂಡದ್ದು ಟಿವಿ ವಾರ್ತೆಯಲ್ಲಿ, ಪೊಲೀಸರು ಹಗ್ಗ ಕಟ್ಟಿ ಎಳೆಯುತ್ತಿದ್ದಾಗ. ಹತ್ತು ವರ್ಷಗಳ ಮೇಲೆ ಆಯೋಗದ ವಿಚಾರಣೆಯಲ್ಲಿ ಆ ದೃಶ್ಯಗಳನ್ನು ತೋರಿಸಿದಾಗ ತಾಯಂದಿರು ಕೂಗಿಕೊಂಡರು. ಒಬ್ಬಾಕೆ ಕಾಲಿನ ಶೂ ಕಿತ್ತು ಪೊಲೀಸರತ್ತ ಎಸೆದಳು. ಅದನ್ನೂ ಸಂಧಾನದ ಒಂದು ಹೆಜ್ಜೆಯೆಂದೇ ನಾನು ಎಣಿಸುತ್ತೇನೆ. ಸಿಟ್ಟು ಹೊರಗೆ ಬಾರದೆ ಯಾವ ಮಾತೂ ಮುಂದುವರಿಯದು.

ಆ ಕೊಲೆಗಳಲ್ಲಿ ಪಾಲ್ಗೊಂಡಿದ್ದ ಒಬ್ಬ ಕರಿಯ ಪೊಲೀಸನ ಹೆಸರು ತಪೇಲೊ ಎಂಬೆಲೊ. ಅವನು ತಾನಾಗಿ ತಾಯಂದಿರನ್ನು ಕಾಣಬೇಕೆಂದ. ಒಂದು ಕೋಣೆಯಲ್ಲಿ ಅವರೆದುರು ಕೂತು, ತಲೆ ಎತ್ತಲಾರದೆ, ನನ್ನ ತಂದೆತಾಯಿಗಳೇ ಎಂದು ಕರೆದು ಕ್ಷಮೆ ಕೇಳಿದ. ಮೊದಲು ಸಿಕ್ಕಿದ್ದು ಬೈಗುಳ. ನಮ್ಮವನೇ ಆಗಿ ನಮ್ಮ ರಕ್ತವನ್ನೇ ಮಾರಿದೆಯಲ್ಲ ಎಂದು ಒಬ್ಬ ತಾಯಿ ಅತ್ತಳು. ಎಲ್ಲರಿಗೂ ಕ್ಷಮಿಸುವ ಮನಸ್ಸಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದ ಸಿಂಥಿಯಾ, ತಪೇಲೊ ಅಂದರೆ ಪ್ರಾರ್ಥನೆ ಅಂತ ಅರ್ಥ ಅಲ್ಲವಾ ಎಂದು ಅವನನ್ನು ಕೇಳಿದಳು. ಹೌದೆಂದ. ನೀನು ನನ್ನ ಕ್ರಿಸ್ಟೋಫರನ ವಾರಿಗೆಯವನು, ಮಗನೇ, ನಿನ್ನನ್ನು ಕ್ಷಮಿಸಿದ್ದೇನೆ ಎಂದಳು. 2000ದಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಈ ಭೇಟಿ ದಾಖಲಾಗಿದೆ. ಕೊಂದವನು ತನ್ನ ಮನುಷ್ಯತ್ವ ಕಳೆದುಕೊಂಡಿದ್ದಾನೆ, ಅದು ಅವನಿಗೆ ಮರಳಿ ಸಿಗಬೇಕು, ಆಗಲೇ ನಮ್ಮದೂ ನಮಗೆ ಸಿಗುತ್ತದೆ ಎಂಬುದು ಸಿಂಥಿಯಾ ಕಂಡುಕೊಂಡ ಸಂಧಾನದ ಅರ್ಥ. ದೇವಶಾಸ್ತ್ರದ ಪದವಿ ಇಲ್ಲದ ಆ ತಾಯಿ ಹೇಳಿದ್ದಕ್ಕಿಂತ ಹೆಚ್ಚಿನದನ್ನು ನಾನು ಯಾವ ಗ್ರಂಥದಲ್ಲೂ ಓದಿಲ್ಲ.

ಆಯೋಗದ ಕಾನೂನಿಗೆ ಇಷ್ಟು ಬೇಕಿರಲಿಲ್ಲ. ರಾಜಕೀಯ ಉದ್ದೇಶದಿಂದ ಮಾಡಿದ ಅಪರಾಧವನ್ನು ಪೂರ್ತಿ ಬಿಚ್ಚಿ ಹೇಳಿದರೆ ಕ್ಷಮಾದಾನ ಸಿಗುತ್ತಿತ್ತು. ಪಶ್ಚಾತ್ತಾಪ ಪಡಬೇಕೆಂಬ ಷರತ್ತೇ ಇರಲಿಲ್ಲ. ಒಟ್ಟು 7,112 ಮಂದಿ ಅರ್ಜಿ ಹಾಕಿದರು, 849 ಮಂದಿಗೆ ಸಿಕ್ಕಿತು. ಹೇಳಿಕೆ ಕೊಟ್ಟ ನೊಂದವರು 21,000ಕ್ಕೂ ಹೆಚ್ಚು. ಕ್ಯಾಥೋಲಿಕರ ಪಾಪನಿವೇದನೆಯ ಸಂಸ್ಕಾರವನ್ನು ಇದರ ಪಕ್ಕ ಇಟ್ಟು ನೋಡಿದರೆ ಕೊರತೆ ಎಲ್ಲಿದೆಯೆಂದು ಕಾಣುತ್ತದೆ. ಅಲ್ಲಿ ಪಾಪಿ ಮನಸಾರೆ ಮರುಗಬೇಕು, ಬಾಯಿಬಿಟ್ಟು ಹೇಳಬೇಕು, ಆಮೇಲೆ ಪ್ರಾಯಶ್ಚಿತ್ತ ಮಾಡಬೇಕು. ಆಯೋಗ ನಡುವಿನದೊಂದನ್ನು ಮಾತ್ರ ಕಡ್ಡಾಯ ಮಾಡಿತು. ಮರುಕವನ್ನು ಕಾನೂನು ಹುಟ್ಟಿಸಲಾರದು, ಸರಿ. ಪ್ರಾಯಶ್ಚಿತ್ತವನ್ನು ಮಾಡಿಸಬಹುದಿತ್ತು. ನೊಂದವರಿಗೆ ಆರು ವರ್ಷ ಕಾಲ ವರ್ಷವರ್ಷವೂ ಪರಿಹಾರ ಕೊಡಿ ಎಂದು ಆಯೋಗ ಶಿಫಾರಸು ಮಾಡಿತ್ತು. ಸರ್ಕಾರ 2003ರಲ್ಲಿ ಒಂದೇ ಸಲ 30,000 ರ‍್ಯಾಂಡ್ ಕೊಡುವ ತೀರ್ಮಾನ ಮಾಡಿ ಕೈತೊಳೆದುಕೊಂಡಿತು.

ಪಾದ್ರಿ ಮೈಕೆಲ್ ಲ್ಯಾಪ್ಸ್ಲಿ ಸಭೆಗಳಲ್ಲಿ ಇದನ್ನೇ ಒಂದು ಸೈಕಲ್ ಕತೆಯಾಗಿ ಹೇಳುತ್ತಾರೆ. ಒಬ್ಬ ಹುಡುಗ ಇನ್ನೊಬ್ಬನ ಸೈಕಲ್ ಕದಿಯುತ್ತಾನೆ. ಕೆಲವು ಕಾಲ ಕಳೆದ ಮೇಲೆ ಬಂದು, ತಪ್ಪಾಯ್ತು, ಕ್ಷಮಿಸು ಎನ್ನುತ್ತಾನೆ. ಇಬ್ಬರೂ ಕೈಕುಲುಕುತ್ತಾರೆ. ಸರಿ, ಸೈಕಲ್ ಎಲ್ಲಿ? ನ್ಯೂಜಿಲೆಂಡಿನಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದ ಹೋರಾಟಕ್ಕೆ ಸೇರಿದ ಲ್ಯಾಪ್ಸ್ಲಿಗೆ 1990ರ ಏಪ್ರಿಲ್‌ನಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿದ್ದ ಮನೆಗೆ ಒಂದು ಅಂಚೆ ಬಂತು. ಧಾರ್ಮಿಕ ಪತ್ರಿಕೆಗಳ ನಡುವೆ ಅಡಗಿಸಿದ್ದ ಬಾಂಬು ಸಿಡಿದು ಎರಡೂ ಕೈ, ಒಂದು ಕಣ್ಣು ಹೋದವು. ಈಗ ಕೈಗಳ ಜಾಗದಲ್ಲಿ ಲೋಹದ ಕೊಕ್ಕೆಗಳಿವೆ. 1998ರಲ್ಲಿ ಕೇಪ್‌ಟೌನಿನಲ್ಲಿ ಅವರು ನೆನಪುಗಳ ಗಾಯ ಮಾಗಿಸುವ ಸಂಸ್ಥೆ ಕಟ್ಟಿದರು. ಅಲ್ಲಿ ಕರಿಯ, ಬಿಳಿಯ, ಕೊಂದವ, ನೊಂದವ ಎಲ್ಲರೂ ಎರಡು ಮೂರು ದಿನ ಒಟ್ಟಿಗಿದ್ದು ತಮ್ಮ ಕತೆ ಹೇಳಿಕೊಳ್ಳುತ್ತಾರೆ. ನೀವು ಬಾಂಬು ಕಳಿಸಿದವನನ್ನು ಕ್ಷಮಿಸಿದಿರಾ ಎಂದು ಕೇಳಿದರೆ, ಯಾರೂ ಇನ್ನೂ ಬಂದು ನಾನೇ ಎಂದಿಲ್ಲವಲ್ಲ ಎಂದು ಲ್ಯಾಪ್ಸ್ಲಿ ನೇರವಾಗಿ ಹೇಳುತ್ತಾರೆ. ಸೇಡಿನ ಮನಸ್ಸಿಲ್ಲ, ಆದರೆ ಕೇಳದವನಿಗೆ ಕೊಡುವ ಕ್ಷಮೆಯೂ ಅವರ ಬಳಿ ಇಲ್ಲ. ಲೂಕನ ಸುವಾರ್ತೆಯಲ್ಲಿ ಸುಂಕದ ಜಕ್ಕಾಯನ ಮನೆಗೆ ಯೇಸು ಅತಿಥಿಯಾಗಿ ಹೋದಾಗ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದು ಜಕ್ಕಾಯ ಎದ್ದು ನಿಂತು ಹೇಳುತ್ತಾನೆ. ಆ ಮನೆಗೆ ರಕ್ಷಣೆ ಬಂತೆಂಬ ಮಾತು ಹೊರಡುವುದು ಅದಾದ ಮೇಲೆಯೇ.

ಇಷ್ಟು ದೂರದ ಕತೆಯನ್ನು ಬರೆಯುತ್ತ ನನ್ನ ಮನಸ್ಸು ಮತ್ತೆ ಮತ್ತೆ ನಮ್ಮ ಕಡೆಯ ದೇವಾಲಯಗಳಿಗೆ ಹೋಗುತ್ತದೆ. 1947ರ ಸೆಪ್ಟೆಂಬರ್‌ನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆ, ನಾವು ಸಿಎಸ್‌ಐ ಎನ್ನುವ ಸಭೆ ಹುಟ್ಟಿತು. 1950ರಲ್ಲಿ ಅದು ರೂಪಿಸಿದ ಪ್ರಭುಭೋಜನದ ಕ್ರಮದಲ್ಲಿ ಸಮಾಧಾನ ಹಂಚುವ ಒಂದು ಘಟ್ಟವನ್ನು ಸೇರಿಸಿದರು. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿದುಬಂದಿದ್ದ ಪದ್ಧತಿ ಅದು. ಕೊಡುವವರು ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಹಚ್ಚಿ, ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಬಲಿಪೀಠದಿಂದ ಹೊರಟ ಸ್ಪರ್ಶ ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ಕೊನೆಯ ಬೆಂಚಿನವರೆಗೂ ಹೋಗುತ್ತದೆ. ಮರೆತುಹೋಗಿದ್ದ ಈ ಕ್ರಿಯೆಯನ್ನು ಪಶ್ಚಿಮದ ಎಷ್ಟೋ ಸಭೆಗಳು ಮರಳಿ ತಂದುಕೊಳ್ಳುವಾಗ ದಕ್ಷಿಣ ಭಾರತದತ್ತ ನೋಡಿದವು. ಕರ್ನಾಟಕದ ದೇವಾಲಯಗಳಲ್ಲಿ ಈಗ ಹೆಚ್ಚಾಗಿ ಪಕ್ಕದವರಿಗೆ ಕೈಮುಗಿದು ಮುಗಿಸುತ್ತೇವೆ. ಕೈಮುಗಿಯುವುದರಲ್ಲಿ ಗೌರವವಿದೆ, ದೂರವೂ ಇದೆ. ಹೊಲದ ಬದುವಿಗಾಗಿ ಮಾತುಬಿಟ್ಟ ದಾಯಾದಿಗಳು ಒಬ್ಬರು ಎಡಸಾಲು, ಒಬ್ಬರು ಬಲಸಾಲು ಹಿಡಿದು ಕೂತು, ಆ ಹೊತ್ತಿಗೆ ತಮ್ಮ ತಮ್ಮ ಸಾಲಿನವರಿಗಷ್ಟೇ ಕೈಮುಗಿಯುವುದನ್ನು ಯಾವ ಊರಿನ ದೇವಾಲಯದಲ್ಲಾದರೂ ಕಾಣಬಹುದು.

ದಾಯಾದಿಗಳ ಮುನಿಸು ಬಿಡಿ, ಸಾಲಿನ ಭೇದ ಜಾತಿಯಾಗಿಯೂ ಇದೆ. ತಮಿಳುನಾಡಿನ ತಿರುಚಿರಾಪಳ್ಳಿಯ ಒಂದು ಕ್ಯಾಥೋಲಿಕ್ ಸ್ಮಶಾನದಲ್ಲಿ ದಲಿತ ಕ್ರೈಸ್ತರ ಸಮಾಧಿಗಳನ್ನು ಬೇರ್ಪಡಿಸಿದ ಗೋಡೆ ಹಲವು ದಶಕಗಳಿಂದ ವಿವಾದದಲ್ಲಿದೆ. ಭಾರತದ ಕ್ಯಾಥೋಲಿಕ್ ಬಿಷಪರ ಮಂಡಳಿಯೇ 2016ರಲ್ಲಿ ತನ್ನ ದಲಿತ ನೀತಿಯನ್ನು ಪ್ರಕಟಿಸುವಾಗ, ಸಭೆಯೊಳಗೆ ಅಸ್ಪೃಶ್ಯತೆ ಉಳಿದಿದೆಯೆಂದು ಒಪ್ಪಿಕೊಂಡಿತು. ರುಸ್ಟೆನ್‌ಬರ್ಗ್‌ನಲ್ಲಿ ಯೊಂಕರ್ ಮಾಡಿದ್ದೂ ಒಪ್ಪಿಕೊಳ್ಳುವುದನ್ನೇ. ಒಪ್ಪಿಕೊಂಡ ಮೇಲೆ ಗೋಡೆ ಬೀಳಬೇಕು. ನಮ್ಮ ಸಭಾಪಾಲಕರು, ಬಿಷಪರು ಇದರ ಮೇಲೆ ವಾರದ ಒಂದು ಪ್ರಸಂಗವನ್ನಾದರೂ ಮೀಸಲಿಡಲಿ, ಪ್ರಭುಭೋಜನದ ಭಾನುವಾರವೇ ಆದರೆ ಇನ್ನೂ ಒಳ್ಳೆಯದು.

ದಕ್ಷಿಣ ಆಫ್ರಿಕಾದಲ್ಲಿ 1994ರಲ್ಲಿ ಕಲರ್ಡ್ ಜನರ ಮಿಷನ್ ಸಭೆ ಮತ್ತು ಕರಿಯರ ಸಭೆ ಬೆಲ್ಹಾರ್ ಪ್ರಮಾಣವನ್ನು ಹಿಡಿದು ಒಂದಾದವು. 1857ರಲ್ಲಿ ಸಾಲು ಬೇರೆ ಮಾಡಿದ ಡಚ್ ರಿಫಾರ್ಮ್ಡ್ ಸಭೆ ಅಪಾರ್ತೈಡ್ ಪಾಪವೆಂದು ಒಪ್ಪಿದೆ, ಆ ಸಭೆಗಳ ಜೊತೆ ಮಾತುಕತೆಯನ್ನೂ ನಡೆಸುತ್ತ ಬಂದಿದೆ. ಒಂದಾಗುವುದು ಮಾತ್ರ ಇನ್ನೂ ಆಗಿಲ್ಲ.

ಕ್ರಾಡಕ್‌ನ ನಾಲ್ವರನ್ನು ಕೊಂದ ಪ್ರಕರಣದಲ್ಲಿ ಆರು ಪೊಲೀಸರಿಗೆ 1999ರಲ್ಲಿ ಆಯೋಗ ಕ್ಷಮಾದಾನ ನಿರಾಕರಿಸಿತು. ಆದರೂ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಕುಟುಂಬಗಳು ವರ್ಷಗಟ್ಟಲೆ ನ್ಯಾಯಾಲಯ ಅಲೆದ ಮೇಲೆ 2025ರ ಜೂನ್‌ನಲ್ಲಿ ಗ್ಕೆಬೆರ್ಹಾ ನಗರದಲ್ಲಿ ಸಾವಿನ ಕುರಿತ ಮೂರನೇ ವಿಚಾರಣೆ ಶುರುವಾಯಿತು. ಆ ಹೊತ್ತಿಗೆ ಆರು ಪೊಲೀಸರಲ್ಲಿ ಒಬ್ಬರೂ ಬದುಕಿರಲಿಲ್ಲ, ಟುಟು ತೀರಿಕೊಂಡು ಮೂರೂವರೆ ವರ್ಷವಾಗಿತ್ತು. ನೊಮೊಂಡೆ ಕಲಾಟಾ ಬಂದು ಮತ್ತೊಮ್ಮೆ ಸಾಕ್ಷಿ ಹೇಳಿದರು.